ಆಯಿಯ ತಂಬಿಗೆ ನೀರು

ಬೀಚ್ ವೆಡ್ಡಿಂಗ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ? ಗಾಳಿಗೆ ಹಾರಾಡೋ ಬಿಳಿ ಪರದೆ, ಸೂರ್ಯ ಮುಳುಗೋ ಹೊತ್ತಿಗೆ ಸರಿಯಾಗಿ ಮೇಲೇಳೋ ಡ್ರೋನ್, ಒಂದೇ ಬಣ್ಣದ ಬಟ್ಟೆ ಹಾಕಿದ ಗೆಳತಿಯರ ಸಾಲು. ರೀಲ್ಸ್ ನೋಡಿ ನೋಡಿ ನಮ್ಮ ತಲೇಲಿ ಅದೇ ಚಿತ್ರ ಕೂತಿದೆ. ಗೋವಾದಲ್ಲೋ ಗೋಕರ್ಣದಲ್ಲೋ ಮದುವೆ ಅಂದ್ರೆ ದುಡ್ಡಿದ್ದವರ ಮದುವೆ ಅಂತಲೇ ಲೆಕ್ಕ.

ಫೆಬ್ರವರಿಯ ಒಂದು ವಾರಾಂತ್ಯ ನಾನು ಹೋಗಿದ್ದು ಬೇರೆ ಥರದ ಕಡಲ ದಂಡೆ ಮದುವೆಗೆ. ಹುಡುಗಿ ಬೆಂಗಳೂರಲ್ಲಿ ಮೂರು ವರ್ಷ ನನ್ನ ಪಿಜಿ ರೂಮ್‌ಮೇಟ್. ಜೋಯಿಡಾದವಳು. ಹುಡುಗ ಕಾರವಾರದ ಕಡೆಯವನು, ಮೀನುಗಾರರ ಮನೆಯವನು. ಕಾರ್ಡ್ ಇಲ್ಲ, ವಾಟ್ಸಾಪ್‌ನಲ್ಲಿ ನಾಲ್ಕು ಸಾಲು: 'ಭಾನುವಾರ ಬೆಳಗ್ಗೆ 11ಕ್ಕೆ. ಸದಾಶಿವಗಡ ದಾಟಿ ಕಡಲ ದಂಡೆ. ಚಪ್ಪಲಿ ಹಾಕ್ಕೊಂಡು ಬಂದ್ರೂ ಸರಿ, ಬಿಟ್ಟು ಬಂದ್ರೂ ಸರಿ. ಗಿಫ್ಟ್ ಬೇಡ, ಹಸಿವು ತನ್ನಿ.'

'ಏನೇ, ಸೀದಾ ಬೀಚ್ ವೆಡ್ಡಿಂಗಾ?' ಅಂತ ಕಾಲೆಳೆದೆ. 'ಹೂಂ ಕಣೇ, ಅಂಗಳ ಇಲ್ಲದವರ ಬೀಚ್ ವೆಡ್ಡಿಂಗ್' ಅಂತ ಉತ್ತರ ಬಂತು. ಜೊತೆಗೊಂದು ಕೋರಿಕೆ: 'ನೀವು ಮುಂಡಗೋಡದಿಂದ ಹೇಗೂ ಕಾರಲ್ಲಿ ಬರ್ತೀರಲ್ಲ, ಜೋಯಿಡಾ ಮೇಲೆ ಬನ್ನಿ. ನಮ್ಮ ಆಯಿಗೆ ಬಸ್ಸಲ್ಲಿ ಘಾಟಿ ಆಗಲ್ಲ. ಅವಳನ್ನ ಕರ್ಕೊಂಡು ಬನ್ನಿ.' ಆಯಿ ಅಂದ್ರೆ ಅವಳ ಅಜ್ಜಿ.

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಲೇಬೇಕು. ನನ್ನ ಮದುವೆಯೂ ಏಪ್ರಿಲ್ ಕೊನೆಗೆ ಅಂತ ನಿಶ್ಚಯವಾಗಿತ್ತು. ಅಪ್ಪ ಹುಬ್ಬಳ್ಳಿಯಲ್ಲಿ ಒಂದು ಕಲ್ಯಾಣ ಮಂಟಪ ನೋಡಿ ಬಂದಿದ್ರು. ಬಾಡಿಗೆ, ಊಟ, ಅಲಂಕಾರ, ವಾಲಗ, ಫೋಟೊದವರು, ಬಟ್ಟೆ, ಬಂಗಾರ ಅಂತ ಅವ್ವ ನೋಟ್‌ಬುಕ್‌ನಲ್ಲಿ ಬರೆದ ಲೆಕ್ಕ 14 ಲಕ್ಷಕ್ಕೆ ಬಂದು ನಿಂತಿತ್ತು. ನನ್ನ ಉಳಿತಾಯ 5 ಲಕ್ಷ. ಉಳಿದಿದ್ದಕ್ಕೆ ರಸ್ತೆ ಪಕ್ಕದ 20 ಗುಂಟೆ ಹೊಲ ಕೊಡೋದು ಅಂತ ಅಪ್ಪನ ಯೋಚನೆ. ನಮಗಿರೋದೇ ಎರಡು ಎಕರೆ. ನಾನು ಎರಡು ಸಲ ಬೇಡ ಅಂದೆ. 'ನೀ ಸುಮ್ನಿರವ್ವಾ, ಇದ್ದೊಬ್ಬ ಮಗಳ ಮದುವಿ' ಅನ್ನೋ ಒಂದೇ ಮಾತಿಗೆ ಎರಡು ಸಲವೂ ಮಾತು ಅಲ್ಲೇ ನಿಂತಿತ್ತು. ಆ ಮಾತಲ್ಲಿರೋ ಪ್ರೀತಿಗೆ ಎದುರು ಮಾತಾಡೋದು ಎಷ್ಟು ಕಷ್ಟ ಅಂತ ಮನೆಯ ಹಿರಿ ಮಕ್ಕಳಿಗೆ ಗೊತ್ತಿರುತ್ತೆ.

ಅವ್ವನಿಗೆ ಈ ಮದುವೆಯ ವಿಷಯ ಹೇಳಿದಾಗ ಅವಳು ಹುಬ್ಬೇರಿಸಿದಳು. 'ಛತ್ರ ಇಲ್ಲ, ವಾಲಗ ಇಲ್ಲ, ಉಸುಕಿನ್ಯಾಗ ನಿಂತು ತಾಳಿ ಕಟ್ಟತಾರಂತ? ಅದೆಂಥಾ ಮದುವಿಲೇ?' ಅಂದಳು. ಆದರೂ ಎರಡು ದಿನ ಬಿಟ್ಟು, 'ನಾನೂ ಬರತೇನಿ. ನೋಡೂಣಂತ' ಅಂದಳು. ಅಪ್ಪ ಬರಲಿಲ್ಲ. ಮನೇಲಿ ದನ ಇದ್ದಾವೆ.

ಶುಕ್ರವಾರ ರಾತ್ರಿ ಬಸ್ ಹತ್ತಿ ಶನಿವಾರ ಬೆಳಗ್ಗೆ ಮುಂಡಗೋಡದಲ್ಲಿ ಇಳಿದೆ. ಸ್ನಾನ, ತಿಂಡಿ, ಹತ್ತು ಗಂಟೆಗೆ ಕಾರು. ತಮ್ಮನದು ಡ್ರೈವಿಂಗ್. ಅವ್ವನ ತೊಡೆ ಮೇಲೆ ಒಂದು ದೊಡ್ಡ ಗಂಟು, ಅದರೊಳಗೆ ಕೌದಿ. ಗಿಫ್ಟ್ ಬೇಡ ಅಂದಿದ್ದಾರೆ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. 'ಕೌದಿ ಗಿಫ್ಟ್ ಅಲ್ಲ, ಕೌದಿ ಕೌದಿ' ಅಂದಳು. ನಮ್ಮ ಊರಿನ ಹತ್ತಿರದ ಸಿದ್ದಿ ಮಹಿಳೆಯೊಬ್ಬರ ಜೊತೆ ಕೂತು ಹೊಲಿದಿದ್ದು ಅದು. ಸಿದ್ದಿಯರ ಕೌದಿ ಹೊಲಿಗೆ ಅಂಚಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತೆ. ನಾಲ್ಕು ಮೂಲೆಗೆ ಬಟ್ಟೆಯ ತ್ರಿಕೋನದ ಹೂವು ಇಡದೆ ಅವರು ಕೌದಿ ಮುಗಿಯಿತು ಅನ್ನೋದಿಲ್ಲ. ನನ್ನ ಗೆಳತಿ ಬೆಂಗಳೂರಲ್ಲಿ ಬಿಟ್ಟುಹೋದ ಎರಡು ಹಳೇ ಚೂಡಿದಾರದ ತುಂಡೂ ಅದರಲ್ಲಿತ್ತು.

ನಮ್ಮ ಜಿಲ್ಲೆ ಉತ್ತರ ಕನ್ನಡ ಅಂದ್ರೆ ಹೊರಗಿನವರಿಗೆ ಬರೀ ಸಮುದ್ರ. ಆದರೆ ಮುಂಡಗೋಡದವರಿಗೆ ಸಮುದ್ರ ಅನ್ನೋದು ಅರ್ಧ ದಿನದ ದೂರ. ನಮ್ಮದು ಭತ್ತ, ಗೋವಿನಜೋಳದ ಸೀಮೆ. 1966ರಿಂದ ಇಲ್ಲಿರೋ ಟಿಬೆಟನ್ ಕ್ಯಾಂಪಿನ ಕೆಂಪು ನಿಲುವಂಗಿಗಳು ನಮಗೆ ಎಷ್ಟು ಪರಿಚಯವೋ ಮೀನಿನ ಬಲೆ ಅಷ್ಟೇ ಅಪರಿಚಿತ. ಯಲ್ಲಾಪುರದ ಮೇಲೆ ಹೋದ್ರೆ ಕಾರವಾರ ಹತ್ತಿರ. ಆಯಿಗೋಸ್ಕರ ನಾವು ಕಲಘಟಗಿ, ಹಳಿಯಾಳ, ದಾಂಡೇಲಿ, ಜೋಯಿಡಾ ಅಂತ ಸುತ್ತು ಹಾದಿ ಹಿಡಿದ್ವಿ. ಹಳಿಯಾಳದವರೆಗೆ ಬಯಲು ಗದ್ದೆ, ಅಲ್ಲಿಂದ ಸಾಗವಾನಿ ಕಾಡು, ದಾಂಡೇಲಿ ದಾಟಿದ ಮೇಲೆ ಹಸಿರು ದಟ್ಟ. ಭಾಷೆಯೂ ಹಾಗೇ ಬದಲಾಗುತ್ತೆ. ಹಳಿಯಾಳದ ಚಹದಂಗಡಿಯಲ್ಲಿ ಕನ್ನಡದ ಪಕ್ಕ ಮರಾಠಿ, ಜೋಯಿಡಾಕ್ಕೆ ಬರೋ ಹೊತ್ತಿಗೆ ಕೊಂಕಣಿ.

ದಾಂಡೇಲಿಯಲ್ಲಿ ಊಟಕ್ಕೆ ನಿಂತಾಗ ಎಲ್ಲಿ ನೋಡಿದ್ರೂ ರೆಸಾರ್ಟ್ ಬೋರ್ಡು, ರಾಫ್ಟಿಂಗ್ ಬೋರ್ಡು. 1955ರಲ್ಲಿ ಶುರುವಾದ ಕಾಗದದ ಕಾರ್ಖಾನೆಯ ಊರು ಈಗ ವೀಕೆಂಡ್ ಊರೂ ಹೌದು. 'ಇಲ್ಲೇ ಒಂದು ರೆಸಾರ್ಟಿನ್ಯಾಗ ಮಾಡಬಹುದಿತ್ತಲ್ಲ' ಅಂದ ತಮ್ಮ. ಅವ್ವ ಪಕ್ಕದ ಟೇಬಲ್ಲಿನ ಹುಡುಗರು ಹೇಳ್ತಿದ್ದ ಬಾಡಿಗೆ ಲೆಕ್ಕ ಕೇಳಿಸ್ಕೊಂಡು ಸುಮ್ಮನೆ ಮಜ್ಜಿಗೆ ಕುಡಿದಳು.

ಗಣೇಶಗುಡಿಯ ಹತ್ತಿರ ಸೂಪಾ ಅಣೆಕಟ್ಟು ಕಂಡಾಗ ಮಾತ್ರ ಮೂವರೂ ಸುಮ್ಮನಾದ್ವಿ. 101 ಮೀಟರ್ ಎತ್ತರದ ಗೋಡೆ. 1987ರಲ್ಲಿ ಪೂರ್ತಿಯಾಗಿದ್ದು. ಅದರ ಹಿಂದೆ ಕಾಳಿ ನದಿ ನಿಂತುಕೊಂಡಿದೆ. ದಾಂಡೇಲಿಯಲ್ಲಿ ಜನ ರಬ್ಬರ್ ದೋಣಿಯಲ್ಲಿ ಕೂತು ಕಿರುಚೋದು ಈ ಗೋಡೆಯಿಂದ ಬಿಟ್ಟ ನೀರಲ್ಲೇ. ಗೋಡೆಯ ಹಿಂದಿನ ನೀರಿನ ಕೆಳಗೆ ಸೂಪಾ ಅನ್ನೋ ಊರು ಇದೆ. ಕಾಳಿ ಮತ್ತು ಪಾಂಡ್ರಿ ನದಿ ಸೇರೋ ಜಾಗದಲ್ಲಿದ್ದ ಊರು. ಜೋಯಿಡಾ ತಾಲೂಕಿಗೆ ಮೊದಲು ಸೂಪಾ ತಾಲೂಕು ಅಂತಲೇ ಹೆಸರಿತ್ತು. ಊರು ಮುಳುಗಿತು, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು, ಹೆಸರೂ ಬದಲಾಯಿತು. ಮುಳುಗಡೆಯಾದ ಎಷ್ಟೋ ಮನೆಗಳಿಗೆ ರಾಮನಗರದಲ್ಲಿ ಜಾಗ ಕೊಟ್ರು.

ಗೆಳತಿಯ ಅಜ್ಜಿ, ಅಂದ್ರೆ ಆಯಿ, ಸೂಪಾದ ಸೊಸೆ.

ಜೋಯಿಡಾದಲ್ಲಿ ಗೆಳತಿಯ ಅಪ್ಪ ಅಮ್ಮ ಇರೋದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಬಾಗಿಲು ತೆರೆದ್ರೆ ನಾಲ್ಕು ಹೆಜ್ಜೆಗೆ ರಸ್ತೆ. ಶನಿವಾರ ರಾತ್ರಿ ಅಲ್ಲೇ ಉಳಿದ್ವಿ. ಮದುವೆ ಮನೆ ಅಂದ್ರೆ ಚಪ್ಪರ ಇರಬೇಕು, ಇಲ್ಲಿ ಚಪ್ಪರದ ಕಂಬ ನೆಡೋಕೆ ನೆಲವೇ ಇಲ್ಲ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ರು, ಅಷ್ಟೇ. ಒಳಗೆ ಹೆಂಗಸರು ನೆಲದ ಮೇಲೆ ಕೂತು ಗೆಡ್ಡೆ ಕೆತ್ತುತ್ತಿದ್ರು. ಜೋಯಿಡಾ ಗೆಡ್ಡೆ ಗೆಣಸಿಗೆ ಹೆಸರುವಾಸಿ, ಇಲ್ಲಿನ ಕುಣಬಿ ಸಮುದಾಯದವರು ಅದಕ್ಕಾಗಿ ಮೇಳವನ್ನೇ ಮಾಡ್ತಾರೆ. ಒಬ್ಬೊಬ್ಬರು ಒಂದೊಂದು ಊರಿನಿಂದ ಒಂದೊಂದು ಬಗೆ ತಂದಿದ್ರು. ಅವ್ವ ಹತ್ತು ನಿಮಿಷದಲ್ಲಿ ಸೆರಗು ಸಿಕ್ಕಿಸಿಕೊಂಡು ಅವರ ನಡುವೆ ಕೂತಿದ್ದಳು. ಭಾಷೆ ಬರದಿದ್ರೂ ಈಳಿಗೆಮಣೆ ಎಲ್ಲರಿಗೂ ಒಂದೇ.

ಆಗ ಗೊತ್ತಾಯ್ತು ನನಗೆ 'ಅಂಗಳ ಇಲ್ಲದವರ ಬೀಚ್ ವೆಡ್ಡಿಂಗ್' ಅಂದ್ರೆ ಏನು ಅಂತ. ಅವರ ಮನೆತನದಲ್ಲಿ ಮದುವೆ ಅಂದ್ರೆ ಹುಡುಗಿ ಮನೆಯ ಅಂಗಳದಲ್ಲಿ. ಆ ಅಂಗಳ ಈಗ ಅಣೆಕಟ್ಟಿನ ಹಿನ್ನೀರಲ್ಲಿ. ಛತ್ರಕ್ಕೆ ಕೊಡೋವಷ್ಟು ದುಡ್ಡಿಲ್ಲ, ಸಾಲ ಮಾಡೋಕೆ ಮಗಳು ಒಪ್ಪಲಿಲ್ಲ. ಹುಡುಗನ ಚಿಕ್ಕಪ್ಪನ ಮನೆ ಕಡಲ ದಂಡೆಗೆ ಅಂಟಿಕೊಂಡೇ ಇದೆ, ತೆಂಗಿನ ತೋಟ ಇದೆ. 'ಅಲ್ಲೇ ಮಾಡೋಣ' ಅಂತ ಅವನೇ ಹೇಳಿದನಂತೆ. ಹುಡುಗಿ ಕಡೆಯವರು ಹುಡುಗನ ಊರಿಗೆ ಹೋಗಿ ಮದುವೆ ಮಾಡೋದಾ ಅಂತ ನೆಂಟರಲ್ಲಿ ಗುಸುಗುಸು ಎದ್ದಿತಂತೆ. ಅದನ್ನ ನಿಲ್ಲಿಸಿದ್ದು ಆಯಿ. 'ಕಾಳಿ ನಮ್ಮ ಮನೆ ಮುಂದೆ ಹರೀತಿದ್ದಳು. ಅವಳು ಸಮುದ್ರ ಸೇರೋ ಜಾಗ ನಮಗೆ ಪರಊರು ಹೇಗೆ ಆಗ್ತದೆ?' ಅಂದ್ರಂತೆ.

ಯೋಚಿಸಿದ್ರೆ ಮಾತು ಸರಿಯೇ. ಕಾಳಿ ಹುಟ್ಟೋದು ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ. 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತೆ. ಹುಟ್ಟಿದ್ದೂ ಕೊನೆಯಾಗಿದ್ದೂ ಒಂದೇ ಜಿಲ್ಲೆಯಲ್ಲಿ.

ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಹೊರಟ್ವಿ. ಉಳಿದವರೆಲ್ಲ ಪಾತ್ರೆ, ಗೆಡ್ಡೆ, ಅಕ್ಕಿ ಸಮೇತ ಟೆಂಪೋದಲ್ಲಿ. ಆಯಿ ನಮ್ಮ ಕಾರಿನ ಮುಂದಿನ ಸೀಟಲ್ಲಿ. ಎಪ್ಪತ್ತೈದು ದಾಟಿದ ಸಣ್ಣ ದೇಹ, ಹಸಿರು ಸೀರೆ, ಮಡಿಲಲ್ಲಿ ಒಂದು ಹಿತ್ತಾಳೆ ತಂಬಿಗೆ. ಬಾಯಿಗೆ ಬಾಳೆ ಎಲೆ ಮುಚ್ಚಿ ಬಟ್ಟೆ ಕಟ್ಟಿದ್ರು. ಒಳಗೆ ಸೂಪಾ ಹಿನ್ನೀರು. ಹಿಂದಿನ ದಿನ ಅಳಿಯನನ್ನ ಕಳಿಸಿ ತರಿಸಿದ್ದು, ಧಾರೆಗೆ.

ತಮ್ಮನಿಗೆ ಸುಮ್ಮನಿರೋಕಾಗಲಿಲ್ಲ. 'ಆಯೀ, ಆ ನೀರು ಹೆಂಗೂ ನದಿಯಾಗ ಹರಕೋಂತ ಅಲ್ಲಿಗೇ ಬರತೈತಲ್ಲ. ಹೊತ್ಕೊಂಡು ಯಾಕ ಹೊಂಟೀರಿ?' ಅಂದ.

ಆಯಿ ಕೊಂಕಣಿ ಬೆರೆತ ಕನ್ನಡದಲ್ಲಿ ಉತ್ತರ ಕೊಟ್ರು. 'ಬರ್ತದೆ ಮಗಾ. ಆದ್ರೆ ನಾಲ್ಕು ಡ್ಯಾಮಿನಲ್ಲಿ ನಿಂತು, ಎಲ್ಲರಿಗೂ ಕರೆಂಟು ಮಾಡಿ ಕೊಟ್ಟು, ಸುಸ್ತಾಗಿ ಬರ್ತದೆ. ಮದುವೆಗೆ ಬರೋವಾಗ ಸುಸ್ತಾಗಿ ಬರಬಾರದು.'

ಕಾರಲ್ಲಿದ್ದವರೆಲ್ಲ ನಕ್ಕೆವು. ಆಮೇಲೆ ಲೆಕ್ಕ ಹಾಕಿದೆ: ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ನಾಲ್ಕೇ. ನಡುವೆ ಕೈಗಾ ಅಣು ವಿದ್ಯುತ್ ಸ್ಥಾವರ ಬೇರೆ. ಆಯಿ ಶಾಲೆಗೆ ಹೋದವರಲ್ಲ, ಆದರೆ ನದಿಯ ಲೆಕ್ಕ ಪಕ್ಕಾ ಇತ್ತು.

ಬೀದರ್ ಜಿಲ್ಲೆಯ ಔರಾದಿನಿಂದ ಸದಾಶಿವಗಡಕ್ಕೆ ಬರೋ ರಾಜ್ಯ ಹೆದ್ದಾರಿ ಅಣಶಿ ಘಾಟಿಯಲ್ಲಿ ಇಳಿಯುತ್ತೆ. ಎರಡೂ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಬೆಳಗಿನ ಮಂಜಿನಲ್ಲಿ ಒಂದು ಜೋಡಿ ಮಂಗಟ್ಟೆ ಹಕ್ಕಿ ರಸ್ತೆ ದಾಟಿತು. ರೆಕ್ಕೆಯ ಸದ್ದು ಕಾರಿನೊಳಗೂ ಕೇಳಿಸಿತು. 'ಜೋಡಿ ಕಂಡಿತು, ಒಳ್ಳೇದು' ಅಂತ ಆಯಿ ಹಣೆಗೆ ಕೈ ಮುಟ್ಟಿಸಿಕೊಂಡ್ರು. ತಿರುವು ತಿರುವಿಗೂ ತಂಬಿಗೆಯನ್ನ ಎರಡೂ ಕೈಯಲ್ಲಿ ಹಿಡಿದಿದ್ರು. ಕದ್ರಾ ದಾಟಿದ ಮೇಲೆ ಸೆಕೆ ಶುರುವಾಯ್ತು, ಉಪ್ಪಿನ ವಾಸನೆ ಬಂತು. ಅವ್ವ ಕಿಟಕಿ ಇಳಿಸಿ, 'ಇದ ಏನು ಸಮುದ್ರದ ಗಾಳಿ?' ಅಂದಳು. ಐವತ್ತೆರಡು ವರ್ಷಕ್ಕೆ ಸಮುದ್ರವನ್ನ ಅವಳು ನೋಡ್ತಿದ್ದುದು ಎರಡನೇ ಸಲ.

ಸದಾಶಿವಗಡದ ಗುಡ್ಡದ ಕೆಳಗೆ ನದಿ ಅಗಲವಾಗುತ್ತೆ. ಅಲ್ಲಿಂದ ಸೇತುವೆ ಕಾಣುತ್ತೆ. ಅದರ ಪಕ್ಕದಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿದ್ದು, ಚಾಲಕನನ್ನ ಜೀವಂತವಾಗಿ ಕಾಪಾಡಿದ ಸುದ್ದಿ ನಿಮಗೂ ನೆನಪಿರಬಹುದು. ಆಯಿ ಅತ್ತ ನೋಡಲಿಲ್ಲ. ನೀರನ್ನೇ ನೋಡ್ತಾ ಇದ್ರು.

ಇನ್ನು ಮದುವೆ. ಮುಹೂರ್ತ 11 ಗಂಟೆ ಅಂತ ಯಾಕೆ ಇಟ್ಟಿದ್ದು ಗೊತ್ತಾ? ಪಂಚಾಂಗ ನೋಡಿ ಅಲ್ಲ, ಸಮುದ್ರ ನೋಡಿ. ಹುಡುಗನ ಚಿಕ್ಕಪ್ಪ ನನಗೆ ವಿವರಿಸಿದ್ರು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಜೋರು, ನೀರು ತೋಟದ ಬೇಲಿವರೆಗೂ ಬರುತ್ತೆ. ಅಷ್ಟಮಿ ಆಸುಪಾಸು ಏರಿಳಿತ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಅದೆಲ್ಲ ಲೆಕ್ಕ ಹಾಕಿ, ನೀರು ಹಿಂದೆ ಸರಿದು ಮರಳು ಗಟ್ಟಿಯಾಗಿರೋ ಹೊತ್ತಿಗೆ ಮದುವೆ. 'ಭಟ್ಟರು ಮುಹೂರ್ತ ತಪ್ಪಿದ್ರೆ ಅರ್ಧ ಗಂಟೆ ಅತ್ತಿತ್ತ ಮಾಡಿ ಕೊಡ್ತಾರೆ, ಸಮುದ್ರ ಕೊಡಲ್ಲ' ಅಂತ ನಕ್ಕರು.

ಮರಳಿನ ಮೇಲೆ ಏನೂ ಕಟ್ಟಿರಲಿಲ್ಲ. ಅಡುಗೆ, ಊಟ, ಕುರ್ಚಿ ಎಲ್ಲ ತೆಂಗಿನ ತೋಟದಲ್ಲಿ. ದಂಡೆಯ ಮೇಲೆ ಎರಡು ದೋಣಿ ಎಳೆದು ತಂದು ಅಕ್ಕಪಕ್ಕ ನಿಲ್ಲಿಸಿದ್ರು, ನಡುವೆ ಚಾಪೆ, ದೋಣಿಯ ಹುಟ್ಟುಗಳನ್ನೇ ನಿಲ್ಲಿಸಿ ಕಟ್ಟಿದ ಮಾವಿನ ತೋರಣ. ಅದೇ ಮಂಟಪ. ಜನ ತೊಂಬತ್ತರಿಂದ ನೂರು.

ಇಬ್ಬರ ಜಾತಿ ಬೇರೆ. ಹಾಗಾಗಿ ಕಾನೂನಿನ ಮದುವೆ ಮೊದಲೇ ಆಗಿತ್ತು. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ 30 ದಿನ ಮುಂಚೆ ನೋಟಿಸ್ ಕೊಟ್ಟು, ಮೂವರು ಸಾಕ್ಷಿಗಳ ಎದುರು ಸಹಿ ಹಾಕಿದ್ರು. ಆ ಸಾಕ್ಷಿಗಳಲ್ಲಿ ಇಬ್ಬರು ಅವರ ಅಮ್ಮಂದಿರು. ಅದರಿಂದ ಭಾನುವಾರ ಯಾರಿಗೂ ಗಾಬರಿ ಇರಲಿಲ್ಲ. ವಿಧಿಗೆ ಅವರು ಆಧಾರವಾಗಿಟ್ಟುಕೊಂಡಿದ್ದು ಕುವೆಂಪು ಅವರ 'ಮಂತ್ರ ಮಾಂಗಲ್ಯ'. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಗಂಡು ಹೆಣ್ಣು ಸಮಾನವಾಗಿ ಮಾತು ಕೊಟ್ಟು ಒಂದಾಗೋ ಪದ್ಧತಿ. ಕುವೆಂಪು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನ ಹೀಗೇ ಸರಳವಾಗಿ ಮಾಡಿದ್ರು. ಅಂದ್ರೆ ನಾವು ಹೊಸದು ಅಂದುಕೊಳ್ಳೋ ಸಿಂಪಲ್ ಮದುವೆಗೆ ಕನ್ನಡದಲ್ಲಿ ಹೆಚ್ಚೂಕಡಿಮೆ ಅರವತ್ತು ವರ್ಷ ವಯಸ್ಸಾಗಿದೆ. ಬೀಚ್ ವೆಡ್ಡಿಂಗ್ ಕಂಪನಿಗಳು ಹುಟ್ಟೋಕೆ ಎಷ್ಟೋ ಮುಂಚೆ.

ಗಾಳಿ ಎಷ್ಟಿತ್ತು ಅಂದ್ರೆ ಹುಡುಗ ಓದಿದ ಮಾತು ಅರ್ಧ ನಮಗೆ ಕೇಳಿಸಲಿಲ್ಲ. ಗೆಳತಿ 'ಜೋರಾಗಿ ಓದು, ನಮ್ಮ ಆಯಿಗೆ ಕೇಳಬೇಕು' ಅಂದಳು. ಎಲ್ಲರೂ ನಗ್ತಾ ಹತ್ತಿರ ಸರಿದು ಸುತ್ತ ಗೋಡೆ ಥರ ನಿಂತ್ವಿ. ಛತ್ರದ ಮದುವೆಯಲ್ಲಿ ನಾವು ವಧೂವರರನ್ನ ನೋಡೋದು ಫೋಟೊದವರ ಬೆನ್ನಿನ ಸಂದಿಯಿಂದ. ಇಲ್ಲಿ ಅವಳ ಕೈ ನಡುಗೋದು ಕೂಡ ಕಾಣ್ತಿತ್ತು. ತಾಳಿ ಕಟ್ಟಿದ ಮೇಲೆ ಆಯಿ ತಂಬಿಗೆಯ ಬಟ್ಟೆ ಬಿಚ್ಚಿದ್ರು. ಇಬ್ಬರ ಜೋಡಿಸಿದ ಕೈ ಮೇಲೆ ನಿಧಾನಕ್ಕೆ ನೀರು ಬಿಟ್ರು. ನೀರು ಕೈಯಿಂದ ಮರಳಿಗೆ ಬಿತ್ತು, ಮರಳು ಕುಡಿಯಿತು. ತಂಬಿಗೆಯಲ್ಲಿ ಸ್ವಲ್ಪ ಉಳಿದಿತ್ತು. ಅದನ್ನ ಹಿಡಿದು ಆಯಿ ಒಬ್ಬರೇ ನೀರಿನ ಅಂಚಿಗೆ ನಡೆದ್ರು. ಯಾರೂ ಫೋಟೊ ತೆಗೀಲಿಲ್ಲ. ತೆಗೀಬೇಕು ಅಂತ ಯಾರಿಗೂ ಅನಿಸಲಿಲ್ಲ.

ಊಟಕ್ಕೆ ಅನ್ನ, ತೊವ್ವೆ, ಜೋಯಿಡಾದ ಗೆಡ್ಡೆ ಪಲ್ಯ, ಹಪ್ಪಳ, ಗೋಧಿ ಪಾಯಸ, ಸೋಲ್ ಕಡಿ. ಬಾಳೆ ಎಲೆ, ನೆಲದ ಮೇಲೆ ಪಂಕ್ತಿ, ಮಂಡಿ ನೋವಿನವರಿಗೆ ಮಾತ್ರ ಬೆಂಚು. ಬಡಿಸಿದ್ದು ಹುಡುಗನ ಗೆಳೆಯರು. ಮೀನಿನ ಊಟ ಸಂಜೆಗೆ ಅಂತ ಮೊದಲೇ ಹೇಳಿಬಿಟ್ಟಿದ್ರು, ತಿನ್ನೋರು ಉಳೀರಿ, ತಿನ್ನದೋರು ಪಾಯಸ ಎರಡು ಸಲ ಹಾಕಿಸ್ಕೊಳ್ಳಿ ಅಂತ. ಅವ್ವ ಪಾಯಸ ಮೂರು ಸಲ ಹಾಕಿಸ್ಕೊಂಡಳು.

ಊಟದ ನಂತರ ತೆಂಗಿನ ನೆರಳಲ್ಲಿ ಅವ್ವ, ಆಯಿ ಕೂತಿದ್ರು. ನಾನು ಪಕ್ಕದಲ್ಲಿ ಅಡಿಕೆ ಕತ್ತರಿಸ್ತಿದ್ದೆ. ಅವ್ವ ನನ್ನ ಮದುವೆಯ ಮಾತು ತೆಗೆದಳು. ಹುಬ್ಬಳ್ಳಿ, ಛತ್ರ, ಇಷ್ಟು ಜನ, ಹೀಗೆ ಅಂತ. ಸ್ವಲ್ಪ ಹೆಮ್ಮೆಯಿಂದಲೇ, 'ರಸ್ತಾ ಮಗ್ಗಲಿನ 20 ಗುಂಟೆ ಮಾರಾಕತ್ತೇವ್ರಿ' ಅಂದಳು.

ಆಯಿ ಎಲೆಗೆ ಸುಣ್ಣ ಹಚ್ಚೋದನ್ನ ನಿಲ್ಲಿಸಿದ್ರು. 'ಒಟ್ಟು ಎಷ್ಟು ಉಂಟು ನಿಮಗೆ?'

'ಎರಡು ಎಕರೆ.'

ಸ್ವಲ್ಪ ಹೊತ್ತು ಬಿಟ್ಟು ಆಯಿ ಹೇಳಿದ್ರು. ಅವರು ಹೇಳಿದ್ದನ್ನ ನನ್ನ ಕನ್ನಡದಲ್ಲಿ ಬರೀತಿದ್ದೀನಿ.

'ನನ್ನ ಮದುವೆ ಸೂಪಾದಲ್ಲಿ, ಅತ್ತೆ ಮನೆಗೆ ಬಂದಿಳಿದಿದ್ದು ಅದೇ ಅಂಗಳಕ್ಕೆ. ಊರೇ ಬಂದಿತ್ತು. ಅಕ್ಕಿ ಗದ್ದೆದು, ಬೆಲ್ಲ ಮಾತ್ರ ಪೇಟೆಯಿಂದ. ಯಾರ ಕೈಲೂ ದುಡ್ಡಿರಲಿಲ್ಲ, ಯಾರಿಗೂ ಸಾಲವೂ ಆಗಲಿಲ್ಲ. ಆಮೇಲೆ ಊರು ಮುಳುಗ್ತದೆ ಅಂದ್ರು, ಪರಿಹಾರ ಅಂತ ಕೈಗೆ ದುಡ್ಡು ಕೊಟ್ರು. ಅಷ್ಟು ನೋಟು ನಾವು ನೋಡಿಯೇ ಇರಲಿಲ್ಲ. ಏನು ಮಾಡಿದ್ವಿ ಗೊತ್ತಾ? ಅರ್ಧದಲ್ಲಿ ರಾಮನಗರದಲ್ಲೊಂದು ಗೋಡೆ, ಮಾಡು. ಇನ್ನರ್ಧದಲ್ಲಿ ದೊಡ್ಡ ಮಗಳ ಮದುವೆ. ನೆಲ ಹೋಯ್ತಲ್ಲ, ಮರ್ಯಾದೆ ಆದ್ರೂ ಇರಲಿ ಅಂತ ಜೋರಾಗಿ ಮಾಡಿದ್ವಿ. ಬ್ಯಾಂಡು, ಲೈಟು. ಮೂರು ದಿನ. ನಮ್ಮ ಗದ್ದೆ ಎಷ್ಟು ತಲೆಮಾರು ಅನ್ನ ಕೊಟ್ಟಿತ್ತೋ ಏನೋ, ಮೂರು ದಿನಕ್ಕೆ ಊಟ ಆಗಿಹೋಯ್ತು. ಆ ಮದುವೆಗೆ ಬಂದವರು ಏನು ತಿಂದ್ರು ಅಂತ ಈಗ ಅವರಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ಗದ್ದೆಯಲ್ಲಿ ಯಾವ ಮೂಲೆಗೆ ನೀರು ನಿಲ್ತಿತ್ತು ಅನ್ನೋದು ನೆನಪುಂಟು.'

ಆಮೇಲೆ ಅವ್ವನ ಮೊಣಕಾಲಿನ ಮೇಲೆ ಕೈ ಇಟ್ಟು ಅಂದ್ರು, 'ನಮ್ಮ ಹತ್ತಿರ ಕೇಳದೆ ತಗೊಂಡ್ರು ಮಗಳೇ. ನಿಮ್ಮ ಹತ್ತಿರ ಯಾರು ಕೇಳ್ತಿದ್ದಾರೆ?'

ಅವ್ವ ಏನೂ ಹೇಳಲಿಲ್ಲ. ಅಡಿಕೆ ತಟ್ಟೆಯನ್ನ ನನ್ನ ಕೈಯಿಂದ ತಗೊಂಡು ತಾನೇ ಕತ್ತರಿಸೋಕೆ ಶುರು ಮಾಡಿದಳು.

ನಾಲ್ಕು ಗಂಟೆಗೆ ಎಲ್ಲರೂ ಗೋಣಿಚೀಲ ಹಿಡಿದು ದಂಡೆ ಚೊಕ್ಕ ಮಾಡಿದ್ವಿ, ಮದುಮಕ್ಕಳೂ ಸೇರಿ. ಡಿಜೆ ಇರಲಿಲ್ಲ, ಕತ್ತಲಾದ ಮೇಲೆ ದಂಡೆ ಕಡೆ ಲೈಟೂ ಇರಲಿಲ್ಲ. ಕಾರವಾರದ ದಂಡೆಗಳಿಗೆ ಈ ತಿಂಗಳುಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡೋಕೆ ಬರ್ತವೆ. ಆಲಿವ್ ರಿಡ್ಲೆ ಅಂತಾರಲ್ಲ, ಅವು. ಬೆಳಕು ಕಂಡ್ರೆ ಮರಿಗಳು ಸಮುದ್ರ ಬಿಟ್ಟು ಬೆಳಕಿನ ಕಡೆ ಹೋಗಿ ಸಾಯ್ತವೆ. 'ಅವುಕ್ಕೂ ಇದು ಬಾಣಂತನದ ಮನೆ' ಅಂದ್ರು ಹುಡುಗನ ಅಮ್ಮ.

ನಿಮಗೂ ಯಾರಿಗಾದ್ರೂ ಕಡಲ ದಂಡೆಯಲ್ಲಿ ಹೀಗೆ ಸರಳವಾಗಿ ಮದುವೆ ಆಗೋ ಮನಸ್ಸಿದ್ರೆ ನಾನು ಅಲ್ಲಿ ಕಂಡು ಕಲಿತಿದ್ದು ಇಷ್ಟು. ಊರಿನ ಮೀನುಗಾರರನ್ನ ಕೇಳದೆ ದಿನ, ಹೊತ್ತು ಇಡಬೇಡಿ. ಅಡುಗೆ, ಚಪ್ಪರ ಏನಿದ್ರೂ ಯಾರದಾದ್ರೂ ಖಾಸಗಿ ಜಾಗದಲ್ಲಿರಲಿ, ಮರಳಿನ ಮೇಲೆ ಗೂಟ ಹೊಡೀಬೇಡಿ. ಕಾನೂನಿನ ಕೆಲಸ ಮೊದಲೇ ಮುಗಿಸಿಕೊಳ್ಳಿ, ನೋಟಿಸಿನ 30 ದಿನ ಮರೀಬೇಡಿ. ಹಿರಿಯರಿಗೆ ಮರಳಲ್ಲಿ ನಡೆಯೋದು ಕಷ್ಟ, ಹಲಗೆ ಹಾಕಿ ದಾರಿ ಮಾಡಿ. ನೆರಳು, ಕುಡಿಯೋ ನೀರು, ಹೆಂಗಸರಿಗೆ ಶೌಚಾಲಯ, ಈ ಮೂರಕ್ಕೆ ಮಾತ್ರ ಜಿಪುಣತನ ಬೇಡ. ಅವರ ಒಟ್ಟು ಖರ್ಚು, ಬಟ್ಟೆ ತಾಳಿ ಸೇರಿ, 2 ಲಕ್ಷ ದಾಟಲಿಲ್ಲ. ಎರಡೂ ಮನೆಯವರು ಅರ್ಧರ್ಧ ಹಾಕಿದ್ರು.

ಆದರೆ ಎಲ್ಲರೂ ಕಡಲ ದಂಡೆಗೇ ಹೋಗಬೇಕು ಅಂತ ನಾನು ಹೇಳ್ತಿಲ್ಲ. ಅವರು ಅಲ್ಲಿಗೆ ಹೋಗಿದ್ದು ಅವರಿಗೆ ಅಂಗಳ ಇಲ್ಲ ಅಂತ.

ಯಲ್ಲಾಪುರದ ಮೇಲೆ ರಾತ್ರಿ ವಾಪಸ್ ಬರ್ತಾ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಅರಬೈಲ್ ಘಾಟಿ ಹತ್ತಿದ ಮೇಲೆ ಕೇಳಿದಳು, 'ನಮ್ಮ ಅಂಗಳದಾಗ ಎಷ್ಟು ಮಂದಿ ಹಿಡೀಬಹುದು?' ತಮ್ಮ ಲೆಕ್ಕ ಹಾಕಿದ. ಅಂಗಳ, ಕಣ, ಪಕ್ಕದ ಕಾಕಾನ ಹಿತ್ತಲು ಸೇರಿಸಿದ್ರೆ ಮುನ್ನೂರು. 'ಕಣದಾಗ ದನ ಕಟ್ಟತೀವಲ್ಲ?' 'ಎರಡು ದಿನ ಆಚೆ ಕಟ್ಟಿದ್ರಾತು.' ನಾನು ಬಾಯಿ ಬಿಡಲಿಲ್ಲ. ಎರಡು ಸಲ ನಾನು ಆಡಿ ಸೋತ ಮಾತನ್ನ ಈಗ ಅವಳೇ ಆಡ್ತಿದ್ದಳು.

ಸೋಮವಾರ ಬೆಳಗ್ಗೆ ನಾನು ಲ್ಯಾಪ್‌ಟಾಪ್ ಬಿಚ್ಚಿ ಕಟ್ಟೆ ಮೇಲೆ ಕೂತಿದ್ದಾಗ ಒಳಗೆ ಇಬ್ಬರ ಮಾತು ಕೇಳಿಸ್ತಿತ್ತು. ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. 'ಮಂದಿ ಏನಂದಾರು? ದುಡ್ಡಿಲ್ಲ ಅಂತ ಮನಿ ಮುಂದ ಮಾಡಿದ ಅಂತಾರ' ಅಂದ್ರು. ಅವ್ವ ಅಂದಳು, 'ಅನ್ನಲಿ. ಅವರು ಉಂಡು ಹೋಗತಾರ. ಹೊಲ ಇಲ್ಲೇ ಇರತೈತಿ.' ಅಪ್ಪ ಎದ್ದು ಹೊಲಕ್ಕೆ ಹೋದ್ರು. ಮಧ್ಯಾಹ್ನ ಬಂದು ಊಟ ಮಾಡಿ, ಹೊಲ ನೋಡೋಕೆ ಬರಬೇಕಿದ್ದವರಿಗೆ ಫೋನ್ ಮಾಡಿ 'ಸದ್ಯಕ್ಕ ಬ್ಯಾಡ್ರಿ' ಅಂದ್ರು. ಸದ್ಯಕ್ಕೆ ಅಂದ್ರೂ ನನಗೆ ಅಷ್ಟು ಸಾಕಾಗಿತ್ತು.

ಹುಡುಗನ ಮನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ. ಹುಡುಗ ನನ್ನ ಕಡೆ ಇದ್ದಾನೆ, ಅವನ ಅಮ್ಮನಿಗೆ ನೆಂಟರ ಚಿಂತೆ. ಬರೋ ಭಾನುವಾರ ಜಾಗ ನೋಡೋಕೆ ಬರ್ತಿದ್ದಾರೆ. ಅವ್ವ ನಿನ್ನೆ ಫೋನಿನಲ್ಲಿ, ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಬೇಕು, ಬೇವಿನ ಮರದ ಕೆಳಗೆ ನಾಲ್ಕು ಕುರ್ಚಿ ಹಾಕಬೇಕು, ಗೋಧಿ ಪಾಯಸ ಹೇಗೆ ಮಾಡ್ತಾರೆ ಅಂತ ಆಯಿಯ ಮಗಳನ್ನ ಕೇಳಿ ಹೇಳು ಅಂದಳು. ಕೇಳಿದ್ದೀನಿ. ಗೋಧಿಯನ್ನ ರಾತ್ರಿಯೇ ನೆನೆಸಬೇಕಂತೆ.